ಸಕ್ಕರೆ ಇಳಿಯಿತೆಂದು ಹಿಗ್ಗುವ ಮುನ್ನ

ಹದಿನೈದು ವರ್ಷ ಸಕ್ಕರೆ ಕಾಯಿಲೆಗೆ ಗುಳಿಗೆ ನುಂಗಿ, ಇನ್ಸುಲಿನ್ ಚುಚ್ಚಿಸಿಕೊಂಡವರಿಗೆ ಕೆಲವೊಮ್ಮೆ ಸಕ್ಕರೆ ತಾನಾಗಿಯೇ ಇಳಿಯತೊಡಗುತ್ತದೆ. ಪಥ್ಯ ಬದಲಾಗಿಲ್ಲ, ಔಷಧಿ ಹೆಚ್ಚಿಸಿಲ್ಲ. ಮನೆಮಂದಿಗೆಲ್ಲ ಖುಷಿ, ವೈದ್ಯರಿಗೆ ಮಾತ್ರ ಚಿಂತೆ. ದೇಹದಲ್ಲಿನ ಇನ್ಸುಲಿನ್ನಿನ ಒಂದು ಪಾಲನ್ನು ವಿಲೇವಾರಿ ಮಾಡುವುದು ಮೂತ್ರಪಿಂಡ. ಅದು ಸೋತಾಗ ಇನ್ಸುಲಿನ್ ರಕ್ತದಲ್ಲಿ ಹೆಚ್ಚು ಹೊತ್ತು ಉಳಿದು ಸಕ್ಕರೆ ಇಳಿಯುತ್ತದೆ. ಅಂದರೆ ಕಾಯಿಲೆ ವಾಸಿಯಾಗಿಲ್ಲ, ಕಿಡ್ನಿ ಕೈಕೊಡುತ್ತಿದೆ.

ಕಿಡ್ನಿ ಪೂರ್ತಿ ಸೋತವರಿಗೆ ಸಾಮಾನ್ಯವಾಗಿ ವಾರಕ್ಕೆ 3 ಸಲ, ಪ್ರತಿ ಸಲ ಸುಮಾರು 4 ತಾಸು ಡಯಾಲಿಸಿಸ್ ಬೇಕು. ವಿಜಯಪುರದಿಂದ ಸುಮಾರು 20 ಕಿ.ಮೀ. ದೂರ, ಬಸವನ ಬಾಗೇವಾಡಿಯ ಹಾದಿಯಲ್ಲಿರುವ ಮನಗೂಳಿಯಿಂದ ಇದಕ್ಕಾಗಿ ನಗರಕ್ಕೆ ಹೋಗಿಬಂದರೆ ವಾರಕ್ಕೆ ಸುಮಾರು 120 ಕಿ.ಮೀ. ಆಯಿತು. 2016ರಲ್ಲಿ ಕೇಂದ್ರ ಸರ್ಕಾರ ಘೋಷಿಸಿದ ರಾಷ್ಟ್ರೀಯ ಡಯಾಲಿಸಿಸ್ ಯೋಜನೆಯಡಿ ಬಡವರಿಗೆ ಚಿಕಿತ್ಸೆ ಪುಕ್ಕಟೆ. ಶಕ್ತಿ ಯೋಜನೆಯಿಂದ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸೂ ಪುಕ್ಕಟೆ. ಆದರೆ ರೋಗಿಯದೂ ಜೊತೆಗೆ ಬಂದವರದೂ ಆ ದಿನದ ಕೂಲಿ ಹೋದಂತೆಯೇ.

ಈ ಓಡಾಟವನ್ನು ಎಷ್ಟೋ ಮಂದಿಯಲ್ಲಿ ವರ್ಷಗಟ್ಟಲೆ ಮುಂದೂಡಬಹುದು, ಕೆಲವರಲ್ಲಿ ತಪ್ಪಿಸಲೂಬಹುದು.

ಒಂದೊಂದು ಮೂತ್ರಪಿಂಡದಲ್ಲಿ ಸುಮಾರು 10 ಲಕ್ಷ ಸೂಕ್ಷ್ಮ ಜರಡಿಗಳಿವೆ. ಹೆಚ್ಚಿದ ಸಕ್ಕರೆ, ರಕ್ತದೊತ್ತಡಕ್ಕೆ ಅವು ಹಾಳಾಗತೊಡಗಿದಾಗ ಅಲ್ಬುಮಿನ್ ಎಂಬ ಪ್ರೋಟೀನ್ ಮೂತ್ರಕ್ಕೆ ಸೋರುತ್ತದೆ. ನೋವಿಲ್ಲ, ಉರಿಯಿಲ್ಲ. ಕಾಲು ಬಾತುಕೊಳ್ಳುವ ಹೊತ್ತಿಗೆ ಬಹಳಷ್ಟು ಹಾನಿ ಆಗಿಹೋಗಿರುತ್ತದೆ. ರಕ್ತದ ಕ್ರಿಯಾಟಿನಿನ್ ಸರಿಯಿದ್ದಾಗಲೂ ಈ ಸೋರಿಕೆಯನ್ನು ತೋರಿಸಬಲ್ಲದ್ದು ಎಸಿಆರ್ ಎಂಬ ಮೂತ್ರ ಪರೀಕ್ಷೆ. ಅದು 30 ದಾಟಿದರೆ ಮತ್ತೊಮ್ಮೆ ಮಾಡಿಸಿ ಖಾತರಿಪಡಿಸಿಕೊಳ್ಳುತ್ತಾರೆ. ಸಕ್ಕರೆಯನ್ನು ತಿಂಗಳಿಗೊಮ್ಮೆ ನೋಡಿಸುವ ಜನ ಇದನ್ನು ವರ್ಷಕ್ಕೊಮ್ಮೆಯೂ ಕೇಳುವುದಿಲ್ಲ.

ಮದ್ದಿಲ್ಲವೆಂಬ ಕಾಲ ಹೋಯಿತು. ಲೊಸಾರ್ಟಾನ್‌ನಂಥ ಬಿ.ಪಿ. ಗುಳಿಗೆಗಳು ಕಿಡ್ನಿಯ ಕುಸಿತವನ್ನು ನಿಧಾನಗೊಳಿಸುತ್ತವೆಂದು 2001ರಲ್ಲೇ ಸಾಬೀತಾಗಿದೆ. 2019ರಿಂದೀಚೆಗೆ ಕೆನಾಗ್ಲಿಫ್ಲೋಜಿನ್, ಡಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಗುಳಿಗೆಗಳೂ ಅದೇ ಕೆಲಸ ಮಾಡಿ ತೋರಿಸಿವೆ. 2020ರಲ್ಲಿ ಭಾರತದಲ್ಲಿ ಡಪಾಗ್ಲಿಫ್ಲೋಜಿನ್ ಪೇಟೆಂಟ್ ಮುಗಿದ ಮೇಲೆ ಅದರ ಬೆಲೆ ಚೆನ್ನಾಗಿ ಇಳಿದಿದೆ. ಜೊತೆಗೆ ರಕ್ತದೊತ್ತಡ 130/80ರ ಆಸುಪಾಸಿನಲ್ಲಿರಬೇಕು.

ಕೆಡಿಸುವ ದಾರಿಗಳೂ ಇವೆ. ವಿಜಯಪುರದ ಬೇಸಿಗೆಯಲ್ಲಿ ದಿನವಿಡೀ ಹೊಲದಲ್ಲಿ ಬೆವರಿ, ಸಂಜೆ ಮಂಡಿನೋವಿಗೆ ಔಷಧಿ ಅಂಗಡಿಯಿಂದ ಡೈಕ್ಲೋಫೆನಾಕ್ ತಂದು ನುಂಗುವುದು ಅವುಗಳಲ್ಲೊಂದು. ಮೈಯಲ್ಲಿ ನೀರು ಕಡಿಮೆ, ಹೊಟ್ಟೆಯಲ್ಲಿ ಬಿ.ಪಿ. ಗುಳಿಗೆ, ಮೇಲೊಂದು ನೋವಿನ ಗುಳಿಗೆ; ಮೂರೂ ಕೂಡಿದರೆ ಕೆಲವೇ ದಿನಗಳಲ್ಲಿ ಕಿಡ್ನಿ ಕೆಡಬಹುದು. ವಾಂತಿ ಭೇದಿಯಾದಾಗ ಯಾವ ಗುಳಿಗೆಯನ್ನು ಎಷ್ಟು ದಿನ ನಿಲ್ಲಿಸಬೇಕೆಂದು ಮೊದಲೇ ವೈದ್ಯರಲ್ಲಿ ಕೇಳಿಟ್ಟುಕೊಳ್ಳುವುದು ಒಳ್ಳೆಯದು. ಸಕ್ಕರೆಯನ್ನು ಬೇರುಸಹಿತ ಕೀಳುತ್ತೇವೆನ್ನುವ ಭಸ್ಮದ ಪೊಟ್ಟಣಗಳಿಂದ ದೂರವಿರುವುದೇ ಲೇಸು. ಊಟದಲ್ಲಿ ರೊಟ್ಟಿಗಿಂತ ಹೆಚ್ಚು ಎಚ್ಚರ ಬೇಕಾದದ್ದು ಅದರ ಪಕ್ಕದ ಉಪ್ಪಿನಕಾಯಿ, ಹಪ್ಪಳ, ಶೇಂಗಾ ಹಿಂಡಿಯ ಉಪ್ಪಿಗೆ.

ಮನೆಯಲ್ಲಿ ಸಕ್ಕರೆ ಕಾಯಿಲೆಯವರಿದ್ದರೆ ಮುಂದಿನ ಸಲ ಆಸ್ಪತ್ರೆಗೆ ಹೋದಾಗ ಕ್ರಿಯಾಟಿನಿನ್ ಜೊತೆಗೆ ಎಸಿಆರ್ ಪರೀಕ್ಷೆಯನ್ನೂ ಬಾಯಿಬಿಟ್ಟು ಕೇಳಿ.