ಲೋಹದೊಳಗಿನ ಬದುಗಳು

ಹೆಗ್ಗನಹಳ್ಳಿಯ ಬೀದಿಗಳಲ್ಲಿ ನಡೆಯುವವರಿಗೆ ಲೇತುಗಳ ಸದ್ದು ಹೊಸದಲ್ಲ. ಅಲ್ಲಿನ ಶೆಡ್ಡುಗಳಲ್ಲಿ ಕಡೆಯುವ ಉಕ್ಕಿನ ಸಲಾಕೆ ಕಣ್ಣಿಗೆ ಅಖಂಡವೆಂದು ತೋರಿದರೂ ವಾಸ್ತವವಾಗಿ ಅಸಂಖ್ಯ ಹರಳುಗಳ ಒಕ್ಕೂಟ. ಉತ್ತ ಹೊಲಗಳನ್ನು ಗುಡ್ಡದ ಮೇಲಿನಿಂದ ಕಂಡಂತೆ ಎಂದುಕೊಳ್ಳಿ: ಒಂದೊಂದು ಹೊಲದ ಸಾಲು ಒಂದೊಂದು ದಿಕ್ಕಿಗೆ, ನಡುವೆ ಬದು. ಪರಮಾಣುಗಳ ಶ್ರೇಣಿಯೇ ಸಾಲು, ಹರಳೇ ಹೊಲ. ಹೊಲ ಕಿರಿದಾದಷ್ಟೂ ಲೋಹ ಸಾಮಾನ್ಯವಾಗಿ ಗಟ್ಟಿಯೆಂದು 1951ರಲ್ಲಿ ಹಾಲ್, 1953ರಲ್ಲಿ ಪೆಚ್ ತೋರಿಸಿದರು. ಆದರೆ ಉಕ್ಕಿನಲ್ಲಿ ರಂಜಕದಂತಹ ಕಲ್ಮಷ ಬಂದು ಸೇರುವುದೂ ಬದುವಿನಲ್ಲೇ. ಹಾಗೆ ಸೇರಿದಾಗ ಬಿರುಕು ಹರಿಯುವುದು ಅದರ ಗುಂಟವೇ. ಆ ಉಕ್ಕು ಬಸ್ಸಿನ ಆಕ್ಸಲ್ ಆಗಿದ್ದರೆ ಅದರ ಮೇಲೆ ಐವತ್ತು ಜನ ಕುಳಿತಿರುತ್ತಾರೆ.

ಆದ್ದರಿಂದ ಬದು ಎಲ್ಲಿದೆಯೆಂದು ತಿಳಿಯಬೇಕು. ಪರಮಾಣುಗಳ ಸಾಲು ಕಾಣುವ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಚಿತ್ರವನ್ನು ಫೂರಿಯೇ ವಿಧಾನಕ್ಕೆ ಒಪ್ಪಿಸಿದರೆ, ಯಾವ ಯಾವ ದಿಕ್ಕಿನ ಸಾಲುಗಳಿವೆಯೆಂದು ಹೇಳೀತು. ಯಾವುದು ಎಲ್ಲಿ ಮುಗಿಯಿತೆಂಬುದು ಅದರಲ್ಲಿ ಸುಲಭವಾಗಿ ಕಾಣದು. ಅದರ ಅಲೆಗೆ ಆದ್ಯಂತಗಳಿಲ್ಲ. 1980ರ ದಶಕದ ಆರಂಭದಲ್ಲಿ ಫ್ರಾನ್ಸಿನ ಮೊರ್ಲೆ, ತೈಲಶೋಧನೆಯ ಕಂಪನ ದಾಖಲೆಗಳಿಗಾಗಿ, ಎದ್ದೊಡನೆ ಅಡಗುವ ಅಲೆಯನ್ನು ಬಳಸಿದರು. ತರಂಗಿಕೆ ಎನ್ನಬಹುದು, ನನಗೆ ಕಿರುದೆರೆ ಎಂಬುದೇ ಹಿತ. ಅದನ್ನು ಹಿಗ್ಗಿಸಿ, ಕುಗ್ಗಿಸಿ, ತಿರುಗಿಸಿ ಚಿತ್ರದ ಎಡೆಯೆಡೆಯಲ್ಲೂ ಇಟ್ಟು ನೋಡುತ್ತಾರೆ. ಸಾಲಿನ ದಿಕ್ಕಿಗೂ ಅಂತರಕ್ಕೂ ಹೊಂದಿದೆಡೆ ಉತ್ತರ ಜೋರು; ಬದು ದಾಟಿದೊಡನೆ ಅದು ಬದಲಾಗುತ್ತದೆ. ಹೀಗೆ ಹೊಲಗಳ ನಕ್ಷೆ ಮೂಡುತ್ತದೆ.

ತೊಡಕೊಂದುಂಟು. ಕಿರುದೆರೆ ತೀರ ಚಿಕ್ಕದಾದರೆ ಸಾಲಿನ ದಿಕ್ಕು ಮಸುಕಾಗುತ್ತದೆ, ದೊಡ್ಡದಾದರೆ ಬದುವೇ ಮಸುಕಾಗುತ್ತದೆ. ಗಣಕಯಂತ್ರ ಎಷ್ಟೇ ವೇಗದ್ದಾದರೂ ಈ ಎರಡನ್ನೂ ಒಮ್ಮೆಗೇ ಪೂರ್ಣವಾಗಿ ಕೊಡಲಾರದು.