ಅಂಗೈಯಗಲದ ಗಣಕ, ಹಿಡಿಯಷ್ಟು ವಿದ್ಯುತ್ತು

(ಗ್ರಾಮಸ್ಥರ ಹಾಗೂ ವಿದ್ಯಾರ್ಥಿಗಳ ಸಭೆಯಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ಮಳೆಗಾಲದಲ್ಲಿ ಮರವೊಂದು ವಿದ್ಯುತ್ ತಂತಿಯ ಮೇಲೆ ಒರಗಿದರೆ ಸಾಕು, ಗುಡ್ಡದ ಊರುಗಳು ದಿನಗಟ್ಟಲೆ ಕತ್ತಲಲ್ಲಿರುತ್ತವೆ. ಸೌರಫಲಕವಿದ್ದರೂ ಮೋಡ ಸರಿಯುವುದಿಲ್ಲ. ಬ್ಯಾಟರಿಯಲ್ಲಿ ಉಳಿದಿರುವುದನ್ನು ದೀಪಕ್ಕೆ ಕೊಡುವುದೋ, ಮಕ್ಕಳ ಓದಿಗೆ ಬೇಕಾದ ಗಣಕಕ್ಕೆ ಕೊಡುವುದೋ ಎಂಬ ಪ್ರಶ್ನೆ ಆಗ ಏಳುತ್ತದೆ. ಗಣಕದ ವೇಗವನ್ನು ಕುರಿತು ಮಾತನಾಡುವವರು ಬಹಳ. ಅದರ ಹಸಿವನ್ನು ಕುರಿತು ಮಾತನಾಡುವವರು ವಿರಳ.

ಕಡಿಮೆ ಹಸಿವಿನ ಗಣಕದ ಒಂದು ಮೂಲ ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿದೆ. ಅಲ್ಲಿನ ಏಕಾರ್ನ್ ಸಂಸ್ಥೆಯು 1981ರಲ್ಲಿ ಬಿಬಿಸಿ ಮೈಕ್ರೋ ಎಂಬ ಗಣಕವನ್ನು ಹೊರತಂದಿತು. ಬ್ರಿಟನ್ನಿನ ಶಾಲೆಗಳಲ್ಲಿ ಒಂದು ಪೀಳಿಗೆ ಅದರಲ್ಲಿ ಕಲಿಯಿತು. ಅದೇ ಸಂಸ್ಥೆಯ ಸೋಫಿ ವಿಲ್ಸನ್ ಮತ್ತು ಸ್ಟೀವ್ ಫರ್ಬರ್ ರೂಪಿಸಿದ ಆರ್ಮ್ ಚಿಪ್ಪು 1985ರ ಏಪ್ರಿಲ್‌ನಲ್ಲಿ ಮೊದಲ ಬಾರಿಗೆ ಕೆಲಸ ಮಾಡಿತು. ಅಗ್ಗದ ಪ್ಲಾಸ್ಟಿಕ್ ಹೊದಿಕೆ ಸಾಕಾಗಬೇಕಾದರೆ ಚಿಪ್ಪು ಹೆಚ್ಚು ಬಿಸಿಯಾಗುವಂತಿರಲಿಲ್ಲ. ಹೀಗೆ ಹಣದ ಮಿತಿಯೇ ವಿದ್ಯುತ್ತಿನ ಮಿತಿಯನ್ನೂ ಕಲಿಸಿತು. ಇಂದು ಮೊಬೈಲ್ ಫೋನುಗಳಲ್ಲಿರುವುದು ಅದೇ ವಂಶದ ಚಿಪ್ಪು.

2012ರ ಫೆಬ್ರವರಿ 29ರಂದು ಅದೇ ಕೇಂಬ್ರಿಜ್‌ನ ಪ್ರತಿಷ್ಠಾನವೊಂದು ಆರ್ಮ್ ಚಿಪ್ಪಿನ ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಗಣಕವನ್ನು 35 ಡಾಲರಿಗೆ ಮಾರಾಟಕ್ಕಿಟ್ಟಿತು. ಅಂಗೈಯಗಲದ ಆ ಹಲಗೆಗೆ ಇದ್ದ ಸ್ಮೃತಿ 256 ಎಂಬಿ ಮಾತ್ರ. ಮಕ್ಕಳು ಪ್ರೋಗ್ರಾಂ ಬರೆಯಲು ಅದು ಸಾಕಿತ್ತು. ದಿನನಿತ್ಯದ ಕಚೇರಿ ಕೆಲಸಕ್ಕೆ ಸಾಲದು. 2019ರ ಜೂನ್‌ನಲ್ಲಿ ಬಂದ ನಾಲ್ಕನೆಯ ಮಾದರಿ 4 ಜಿಬಿವರೆಗೆ ಸ್ಮೃತಿಯನ್ನು ತಂದು ಈ ಕೊರತೆಯನ್ನು ನೀಗಿಸಿತು. 2020ರಲ್ಲಿ ಗಣಕವನ್ನೇ ಕೀಲಿಮಣೆಯೊಳಗೆ ಅಡಗಿಸಿದ ಪೈ 400, 2023ರಲ್ಲಿ ಐದನೆಯ ಮಾದರಿ ಬಂದವು. ಪತ್ರ, ಲೆಕ್ಕಪತ್ರ, ಅಂತರ್ಜಾಲ, ಪಾಠದ ವೀಡಿಯೋಗಳಿಗೆ ಇವು ಸಾಕು. ಭಾರಿ ಚಿತ್ರಸಂಕಲನಕ್ಕೆ ಸಾಲವು.

ಈಗ ಲೆಕ್ಕಕ್ಕೆ ಬರೋಣ. ನಾಲ್ಕನೆಯ ಮಾದರಿ ಸಾಮಾನ್ಯ ಕೆಲಸದಲ್ಲಿ ಬಳಸುವುದು ಸುಮಾರು 5 ವ್ಯಾಟ್. ಪರದೆಗೆ 20 ವ್ಯಾಟ್ ಸೇರಿಸಿದರೆ 25. ಮೇಜಿನಡಿಯ ಹಳೆಯ ಪೆಟ್ಟಿಗೆಗೆ 80 ವ್ಯಾಟ್ ಎಂದು ಹಿಡಿದರೆ ಪರದೆ ಸೇರಿ 100. 12 ವೋಲ್ಟಿನ 40 ಆಂಪಿಯರ್-ಗಂಟೆಯ ಬ್ಯಾಟರಿಯಲ್ಲಿ 480 ವ್ಯಾಟ್-ಗಂಟೆ ಇರುತ್ತದೆ. ಸೀಸದ ಬ್ಯಾಟರಿ ಬಾಳಬೇಕಾದರೆ ಅರ್ಧ ಮಾತ್ರ ಬಳಸಬೇಕು. ಆ 240 ವ್ಯಾಟ್-ಗಂಟೆಯಲ್ಲಿ ಹಳೆಯ ಪೆಟ್ಟಿಗೆ ಎರಡೂವರೆ ಗಂಟೆಯೂ ನಡೆಯದು. ಪುಟ್ಟ ಗಣಕ ಒಂಬತ್ತು ಗಂಟೆ ದಾಟುತ್ತದೆ. ಇನ್ವರ್ಟರಿನ ನಷ್ಟವನ್ನು ಕಳೆದರೂ ಅಂತರ ದೊಡ್ಡದೇ. ಮತ್ತೊಂದು ಅಂಶವನ್ನೂ ಗಮನಿಸಬೇಕು: 25ರಲ್ಲಿ 20 ವ್ಯಾಟ್ ಪರದೆಯದೇ. ಚಿಕ್ಕ ಪರದೆಯನ್ನು ಆರಿಸಿ ಬೆಳಕು ತಗ್ಗಿಸಿದರೆ ಉಳಿತಾಯ ಇನ್ನೂ ಹೆಚ್ಚು.

ದೋಷಗಳನ್ನು ಮುಚ್ಚಿಡಬಾರದು. ಇದರ ಕಡತಗಳೆಲ್ಲ ಸಾಮಾನ್ಯವಾಗಿ ಉಗುರಗಲದ ಮೆಮರಿ ಕಾರ್ಡಿನಲ್ಲಿರುತ್ತವೆ. ಬರೆಯುತ್ತಿರುವಾಗಲೇ ವಿದ್ಯುತ್ತು ಹೋದರೆ ಅವು ಕೆಡಬಹುದು. ಆದ್ದರಿಂದ ಬ್ಯಾಟರಿಯ ಆಸರೆ ಹಾಗೂ ಬೇರೆಡೆ ಒಂದು ಪ್ರತಿ ಅಗತ್ಯ. ನಾಲ್ಕನೆಯ ಮಾದರಿಯಲ್ಲಿ ಗಡಿಯಾರವಿಲ್ಲ. ಅಂತರ್ಜಾಲವಿಲ್ಲದ ಊರಿನಲ್ಲಿ ವಿದ್ಯುತ್ತು ಹೋಗಿ ಬಂದರೆ ದಿನಾಂಕ ತಪ್ಪುತ್ತದೆ. ಸಹಕಾರಿ ಸಂಘದ ಲೆಕ್ಕ ಬರೆಯುವವರಿಗೆ ಇದು ಸಣ್ಣ ತೊಡಕಲ್ಲ. ಚಿಕ್ಕದೊಂದು ಗಡಿಯಾರದ ಬಿಡಿಭಾಗವನ್ನು ಜೋಡಿಸಿಕೊಳ್ಳಬೇಕು.

ಕನ್ನಡಕ್ಕೆ ಅಡ್ಡಿಯಿಲ್ಲ. ಇದರಲ್ಲಿ ನಡೆಯುವುದು ಲಿನಕ್ಸ್ ವಂಶದ ಮುಕ್ತ ತಂತ್ರಾಂಶ. ಯೂನಿಕೋಡ್ ಕನ್ನಡದ ಅಕ್ಷರಶೈಲಿಗಳೂ ಕೀಲಿಮಣೆ ವಿನ್ಯಾಸಗಳೂ ಉಚಿತವಾಗಿ ದೊರೆಯುತ್ತವೆ. ಆದರೆ ವಿಂಡೋಸ್‌ಗಾಗಿ ರೂಪುಗೊಂಡ ನುಡಿ ತಂತ್ರಾಂಶದ ಹಳೆಯ ಕಡತಗಳನ್ನು ಯೂನಿಕೋಡ್‌ಗೆ ಪರಿವರ್ತಿಸಿಕೊಳ್ಳಬೇಕು.

ಕೊನೆಯದಾಗಿ ಒಂದು ಎಚ್ಚರಿಕೆ. ಚಿಕ್ಕದೆಂಬ ಒಂದೇ ಕಾರಣಕ್ಕೆ ಯಾವ ವಸ್ತುವೂ ಪರಿಸರಸ್ನೇಹಿಯಾಗುವುದಿಲ್ಲ. 2022ರಲ್ಲಿ ಜಗತ್ತಿನಲ್ಲಿ 6.2 ಕೋಟಿ ಟನ್ ವಿದ್ಯುನ್ಮಾನ ತ್ಯಾಜ್ಯ ಉತ್ಪತ್ತಿಯಾಯಿತೆಂದೂ, ಕ್ರಮಬದ್ಧವಾಗಿ ಸಂಗ್ರಹವಾಗಿ ಮರುಬಳಕೆಗೆ ಹೋದದ್ದು ಅದರ ಕಾಲುಭಾಗಕ್ಕಿಂತ ಕಡಿಮೆಯೆಂದೂ ವಿಶ್ವಸಂಸ್ಥೆಯ ವರದಿ ಹೇಳುತ್ತದೆ. 2025ರ ಅಕ್ಟೋಬರ್ 14ರಂದು ವಿಂಡೋಸ್ 10ರ ಸಾಮಾನ್ಯ ಬೆಂಬಲ ಕೊನೆಗೊಂಡಿತೆಂದು ಎಷ್ಟೋ ಗಣಕಗಳು ಮೂಲೆಗೆ ಸರಿದಿವೆ. ಮನೆಯಲ್ಲಿ ಹಳೆಯ ಲ್ಯಾಪ್‌ಟಾಪ್ ಇದ್ದರೆ ಅದಕ್ಕೇ ಲಿನಕ್ಸ್ ಹಾಕುವುದು ಮೊದಲ ಹೆಜ್ಜೆ. ಅದೂ ಮಿತವಾಗಿಯೇ ವಿದ್ಯುತ್ತನ್ನು ಬಳಸುತ್ತದೆ, ಜೊತೆಗೆ ಅದರದೇ ಬ್ಯಾಟರಿಯೂ ಇರುತ್ತದೆ. ಏನೂ ಇಲ್ಲದ ಶಾಲೆಗೆ, ಗ್ರಂಥಾಲಯಕ್ಕೆ, ಹಳ್ಳದ ನೀರಿನ ಕಿರು ಟರ್ಬೈನಿನಿಂದ ದೀಪ ಹಚ್ಚುವ ಮನೆಗೆ ಈ ಪುಟ್ಟ ಗಣಕ ತಕ್ಕುದು.

ನದಿಗೆ ಅಣೆಕಟ್ಟು ಬೇಡವೆನ್ನುವ ಊರು ತನ್ನ ಮೇಜಿನ ಮೇಲಿನ ವ್ಯಾಟುಗಳನ್ನೂ ಎಣಿಸಬೇಕಾಗುತ್ತದೆ. ವಿದ್ಯಾರ್ಥಿಗಳು ಈ ವಾರವೇ ತಮ್ಮ ಶಾಲೆಯ ಗಣಕಗಳ ಹಿಂಬದಿಯ ಫಲಕವನ್ನು ಓದಿ, ಮೀಟರಿನೊಡನೆ ತಾಳೆ ನೋಡಿ, ಪಟ್ಟಿ ಮಾಡಲಿ. ಆ ಪಟ್ಟಿಯನ್ನು ಮುಂದಿಟ್ಟುಕೊಂಡೇ ಹಿರಿಯರು ಮುಂದಿನ ಖರೀದಿಯನ್ನು ನಿರ್ಧರಿಸಲಿ.