ಅವರವರ ರುಚಿ

ಸಿನಿಮಾ ಇರಲಿ, ಸಾರಿನ ಉಪ್ಪು ಇರಲಿ, ಮಾತು ಬಿಸಿಯಾಗುತ್ತಿದ್ದಂತೆ ಯಾರಾದರೊಬ್ಬರು ‘ಅವರವರ ರುಚಿ ಅವರವರಿಗೆ, ಬಿಡಿ’ ಎಂದುಬಿಡುತ್ತಾರೆ. ಅಲ್ಲಿಗೆ ಚರ್ಚೆ ಮುಗಿಯಿತು. ಓದಿಕೊಂಡವರು ಅದನ್ನೇ ಸಂಸ್ಕೃತದಲ್ಲಿ ‘ಭಿನ್ನರುಚಿರ್ಹಿ ಲೋಕಃ’ ಎನ್ನುತ್ತಾರೆ, ಅಷ್ಟೇ ವ್ಯತ್ಯಾಸ.

ಆ ಸಂಸ್ಕೃತದ ಮಾತು ಕಾಳಿದಾಸನ ‘ರಘುವಂಶ’ದ ಆರನೆಯ ಸರ್ಗದ್ದು. ರಾಜಕುಮಾರಿ ಇಂದುಮತಿಯ ಸ್ವಯಂವರ ನಡೆದಿದೆ. ಅಂತಃಪುರದ ದ್ವಾರಪಾಲಕಿ ಸುನಂದೆ ಒಬ್ಬೊಬ್ಬ ಅರಸನ ಮುಂದೆಯೂ ಅವಳನ್ನು ನಿಲ್ಲಿಸಿ ಅವನ ಹಿರಿಮೆಯನ್ನು ಬಣ್ಣಿಸುತ್ತಾಳೆ. ಅಂಗರಾಜನ ಸರದಿ ಬಂತು. ಇಂದುಮತಿ ಅವನಿಂದ ಕಣ್ಣು ತೆಗೆದು ‘ಮುಂದೆ ನಡೆ’ ಎನ್ನುತ್ತಾಳೆ. ಇಲ್ಲಿ ಕವಿ ಎಷ್ಟು ಎಚ್ಚರ ವಹಿಸುತ್ತಾನೆ ನೋಡಿ. ಅಂಗರಾಜನಲ್ಲಿ ಕೊರತೆ ಇತ್ತೆಂದಲ್ಲ, ಇವಳಿಗೆ ಸರಿಯಾಗಿ ನೋಡಲು ಬಾರದೆಂದೂ ಅಲ್ಲ ಎಂದು ಮೊದಲು ಹೇಳಿ, ಆಮೇಲಷ್ಟೇ ರುಚಿಭೇದದ ಮಾತು ತರುತ್ತಾನೆ. ನಾವು ಕೊನೆಯ ತುಂಡನ್ನು ಮಾತ್ರ ಹಿಡಿದುಕೊಂಡಿದ್ದೇವೆ. ರೇಡಿಯೋದಲ್ಲಿ ಮಲ್ಲಿಕಾರ್ಜುನ ಮನಸೂರರ ಗಾಯನ ಶುರುವಾಗಿ ಎರಡು ನಿಮಿಷ ಆಗಿರುವುದಿಲ್ಲ, ‘ನನಗಿದು ರುಚಿಸದಪ್ಪಾ’ ಎಂದು ಸ್ಟೇಷನ್ ಬದಲಿಸುತ್ತೇವೆ. ಇಂದುಮತಿಗಿದ್ದ ವ್ಯವಧಾನ ನಮಗೆಲ್ಲಿ?

ಹಾಗಂತ ಎಲ್ಲರ ನಾಲಿಗೆಯೂ ಒಂದೇ ಎನ್ನುವಂತಿಲ್ಲ. 1931ರಲ್ಲಿ ಅಮೆರಿಕದ ಡುಪಾಂಟ್ ಕಂಪನಿಯ ಪ್ರಯೋಗಾಲಯದಲ್ಲಿ ಆರ್ಥರ್ ಫಾಕ್ಸ್ ಎಂಬ ರಸಾಯನಶಾಸ್ತ್ರಜ್ಞ ಪಿ.ಟಿ.ಸಿ. ಎಂಬ ಪುಡಿಯನ್ನು ಸುರಿಯುವಾಗ ಒಂದಿಷ್ಟು ಗಾಳಿಗೆ ಹಾರಿತು. ಜೊತೆಗಿದ್ದ ಸಹೋದ್ಯೋಗಿ ‘ಕಹಿ ಕಹಿ’ ಎಂದು ಮುಖ ಹಿಂಡಿದ. ಪುಡಿಗೆ ಇನ್ನೂ ಹತ್ತಿರವಿದ್ದ ಫಾಕ್ಸ್‌ಗೆ ಏನೂ ಗೊತ್ತಾಗಲಿಲ್ಲ. ನಾಲಿಗೆಗೇ ಹಚ್ಚಿಕೊಂಡು ನೋಡಿದರೂ ಅದೇ ಕಥೆ. ಕಹಿಯನ್ನು ಹಿಡಿಯುವ ಗ್ರಾಹಕಗಳು ನಮ್ಮಲ್ಲಿ ಸುಮಾರು 25 ಬಗೆಯವಿವೆ. ಅವುಗಳಲ್ಲಿ ಒಂದರ ಜೀನ್ ಕೆಲವರಲ್ಲಿ ತುಸು ಬೇರೆಯಾಗಿರುವುದೇ ಈ ವ್ಯತ್ಯಾಸಕ್ಕೆ ಮುಖ್ಯ ಕಾರಣವೆಂದು 2003ರಲ್ಲಿ ತಿಳಿಯಿತು.

ಹುಟ್ಟಿನಿಂದ ಬಂದದ್ದು ಅಷ್ಟಾಯಿತು. ರೂಢಿಯಿಂದ ಬರುವುದೂ ಇದೆ. ಹಾಗಲಕಾಯಿಯನ್ನು ಮೊದಲ ತುತ್ತಿಗೇ ಮೆಚ್ಚಿದ ಮಗುವನ್ನು ನಾನಂತೂ ಕಂಡಿಲ್ಲ. ಅದಕ್ಕೆ ಅಮ್ಮಂದಿರು ದಾರಿ ಕಂಡುಕೊಂಡಿದ್ದಾರೆ. ಮೊದಲು ಬೆಲ್ಲ, ಹುಣಸೆಹುಳಿ ಧಾರಾಳವಾಗಿ ಬಿದ್ದ ಗೊಜ್ಜು. ಅದರಲ್ಲೂ ಹೋಳು ಪಕ್ಕಕ್ಕಿಟ್ಟು, ರಸವನ್ನಷ್ಟೇ ಅನ್ನಕ್ಕೆ ಕಲಸಿ ಕೊಡುವುದು. ವರ್ಷ ಕಳೆದಂತೆ ಹೋಳೂ ಬಾಯಿಗೆ ಹೋಗುತ್ತದೆ. ಉಪ್ಪು ಸವರಿ, ನೀರು ಹಿಂಡಿ, ಎಣ್ಣೆಯಲ್ಲಿ ಗರಿಗರಿಯಾಗಿ ಕರಿದ ಬಿಲ್ಲೆಗಳನ್ನು ಮುಂದೊಂದು ದಿನ ಬೆಲ್ಲದ ಹಂಗಿಲ್ಲದೆ ಮೊಸರನ್ನಕ್ಕೆ ನಂಚಿಕೊಳ್ಳುವುದೂ ಅದೇ ಮಗು. ಕಹಿ ಹೋಗಿರುವುದಿಲ್ಲ. ಅಷ್ಟೊತ್ತಿಗೆ ಆ ಕಹಿಯೇ ಬೇಕಾಗಿರುತ್ತದೆ.

ಇಷ್ಟೆಲ್ಲ ಆದಮೇಲೂ ಹೋಳನ್ನು ತಟ್ಟೆಯ ಅಂಚಿಗೆ ಸರಿಸುವವರು ಇದ್ದೇ ಇರುತ್ತಾರೆ. ಅವರು ‘ನನಗೆ ಸೇರುವುದಿಲ್ಲ’ ಎಂದರೆ ನಾನು ಒತ್ತಾಯ ಮಾಡುವವನಲ್ಲ. ಗೊಜ್ಜು ಮುಟ್ಟದೆಯೇ ಹಾಗಂದವರ ತಟ್ಟೆಗೆ ಮಾತ್ರ ಒಂದು ಸೌಟು ಬಡಿಸಿಯೇ ಮುಂದೆ ಹೋಗುತ್ತೇನೆ.